ಗಡಿ ದಾಟಿ ಬರುವ ದಂಡ, ಗಡಿ ದಾಟಲಾರದ ತಕರಾರು

ವೇಗದ ಮಿತಿ ಮೀರಿದವರಿಗೆ ದಂಡ ಹಾಕಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ತಪ್ಪು ಮಾಡದವನ ಹೆಸರಿಗೆ ಪಕ್ಕದ ರಾಜ್ಯದಿಂದ ದಂಡ ಬಂದರೆ ಅವನು ಯಾರ ಮುಂದೆ ನಿಂತು "ಇದು ನನ್ನದಲ್ಲ" ಎಂದು ಹೇಳಬೇಕು? ಗಡಿ ಜಿಲ್ಲೆಯಾದ ರಾಯಚೂರಿನ ನಮ್ಮಂಥವರಿಗೆ ಇಂದಿಗೂ ಇದಕ್ಕೆ ಉತ್ತರ ಸಿಕ್ಕಿಲ್ಲ. ಇವತ್ತು ಬೆಳಿಗ್ಗೆ ಕಂಡ ಒಂದು ಸಂಗತಿಯಿಂದ ಮನಸ್ಸು ಕುದಿಯುತ್ತಿದೆ.

ಪಹಣಿ ತೆಗೆಸಲೆಂದು ತೀನ್ ಕಂದೀಲ್ ಹತ್ತಿರದ ಆನ್‌ಲೈನ್ ಸೆಂಟರಿಗೆ ಹೋಗಿದ್ದೆ. ನನಗಿಂತ ಮುಂಚೆ ದೇವದುರ್ಗದ ಕಡೆಯ ಹಿರಿಯ ರೈತರೊಬ್ಬರು ಬಂದು ಕುಳಿತಿದ್ದರು. ಹತ್ತಿ ಮಾರಲು ತಮ್ಮ ಪಿಕಪ್ ಗಾಡಿಯಲ್ಲಿ ಆಂಧ್ರದ ಆದೋನಿಗೆ ಹೋಗಿ ಬರುವವರು. ಹೈದರಾಬಾದಿನ ಹೊರವಲಯದಲ್ಲಿ ಅತಿವೇಗವಾಗಿ ಹೋಗಿದ್ದೀರಿ ಎಂಬ ಚಲನ್ ಅವರ ಮೊಬೈಲಿಗೆ ಬಂದಿತ್ತು. ಅಂಗಡಿಯ ಹುಡುಗ ಫೋಟೊ ತೆರೆದು ತೋರಿಸಿದ. ಸಂಜೆಯ ಮಬ್ಬಿನಲ್ಲಿ ಹಿಂದಿನಿಂದ ತೆಗೆದ ಬಿಳಿ ಗಾಡಿಯ ಚಿತ್ರ ಅದು. ಮೂಲೆಯಲ್ಲಿ ನಂಬರ್ ಪ್ಲೇಟನ್ನು ದೊಡ್ಡದು ಮಾಡಿ ಅಂಟಿಸಿದ್ದರು. ಅದರಲ್ಲಿ ಒಂದು ಅಂಕಿ ಮೂರೋ ಎಂಟೋ ಎಂದು ನಾವು ಮೂವರು ಸೇರಿ ನೋಡಿದರೂ ತಿಳಿಯಲಿಲ್ಲ. ಆ ಹಿರಿಯರ ಗಾಡಿಗೆ ತಾಡಪಾಲು ಕಟ್ಟುವ ಕಬ್ಬಿಣದ ಚೌಕಟ್ಟು ಇದೆಯಂತೆ. ಚಿತ್ರದ ಗಾಡಿಯ ಹಿಂಭಾಗ ಬೋಳಾಗಿತ್ತು.

"ಇದು ನಮ್ಮ ಗಾಡಿ ಅಲ್ಲಪ್ಪ. ನಾವು ಆದೋನಿ ಬಿಟ್ಟು ಬ್ಯಾರೆ ಕಡೆ ಗಾಡಿ ಒಯ್ದೇ ಇಲ್ಲ" ಎಂದರು.

"ಹಂಗಾದ್ರ ಅಲ್ಲಿಗೇ ಹೋಗಿ ಹೇಳಬೇಕಾಗ್ತದ ಕಾಕಾ" ಎಂದ ಹುಡುಗ.

"ಅಷ್ಟು ದೂರ ಯಾರು ಹೋಗ್ತಾರ? ಕಟ್ಟಿಬಿಡು."

ದಂಡ ಒಂದು ಸಾವಿರ, ಅದರ ಮೇಲೆ ಸೇವಾ ಶುಲ್ಕ ಮೂವತ್ತೈದು. ಒಳಗಿನ ಕಿಸೆಯಿಂದ ಮಡಚಿದ ನೋಟುಗಳನ್ನು ತೆಗೆದು ಎಣಿಸಿ ಕೊಟ್ಟರು. ಸ್ವಲ್ಪ ತಡೆಯಿರಿ, ಅರ್ಜಿ ಬರೆದುಕೊಡುತ್ತೇನೆ ಎಂದು ನಾನು ಹೇಳಿದರೂ ಅವರು ಕೇಳಲಿಲ್ಲ, ಮತ್ತು ಅವರನ್ನು ತಡೆಯಲು ನನ್ನ ಬಳಿ ಗಟ್ಟಿಯಾದ ಕಾರಣವೂ ಇರಲಿಲ್ಲ. ಏಕೆಂದರೆ ಆ ಅರ್ಜಿಯನ್ನು ಎಲ್ಲಿಗೆ ಒಯ್ದು ಕೊಡಬೇಕೆಂದು ಅವರು ಕೇಳಿದ್ದರೆ ನಾನು ಏನು ಹೇಳುತ್ತಿದ್ದೆ?

ರಾಯಚೂರಿನವರಿಗೆ ಪಕ್ಕದ ರಾಜ್ಯವೆಂದರೆ ಪ್ರವಾಸ ಹೋಗುವ ದೂರದ ಊರಲ್ಲ. ಬಳ್ಳಾರಿ ಹತ್ತಿರದ ಹಗರಿಯಿಂದ ಹೊರಡುವ 167ನೇ ರಾಷ್ಟ್ರೀಯ ಹೆದ್ದಾರಿ ಆಂಧ್ರದ ಆದೋನಿಯ ಮೇಲೆ ಹಾದು ರಾಯಚೂರಿಗೆ ಬರುತ್ತದೆ. ಇಲ್ಲಿಂದ ಶಕ್ತಿನಗರದ ಬಳಿ ಕೃಷ್ಣೆಯನ್ನು ದಾಟಿ ಮಕ್ತಲ್, ಮಹಬೂಬನಗರದ ಮೂಲಕ ಜಡ್ಚರ್ಲಕ್ಕೆ ಹೋಗಿ ಹೈದರಾಬಾದಿನ ದಾರಿಯನ್ನು ಸೇರುತ್ತದೆ. ಒಂದೇ ರಸ್ತೆಯಲ್ಲಿ ಮೂರು ರಾಜ್ಯಗಳು. ಹತ್ತಿ ಮಾರುವವರು ಆದೋನಿಗೆ, ರಾಯರ ದರ್ಶನಕ್ಕೆ ಮಂತ್ರಾಲಯಕ್ಕೆ, ಜಡ್ಡು ಜೋರಾದರೆ ಹೈದರಾಬಾದಿಗೆ ಹೋಗಲೇಬೇಕು. ಬೆಂಗಳೂರಿನಲ್ಲಿ ಕುಳಿತವರಿಗೆ ಇದು ಅಪರೂಪದ ತೊಂದರೆಯಾಗಿ ಕಾಣಬಹುದು, ನಮಗೆ ದಿನನಿತ್ಯದ ಬದುಕು.

ಕಾನೂನು ನಮ್ಮ ವಿರುದ್ಧವೇನೂ ಇಲ್ಲ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 136ಎ ಕಲಂ ಸೇರಿ ಕ್ಯಾಮೆರಾ ಕಣ್ಗಾವಲಿಗೆ ಆಧಾರ ದೊರೆಯಿತು; 2021ರ ಆಗಸ್ಟ್‌ನಲ್ಲಿ ಅದಕ್ಕಾಗಿ 167ಎ ನಿಯಮ ಬಂತು. ಕ್ಯಾಮೆರಾ ಇರುವ ರಸ್ತೆಗೆ ಮೊದಲೇ ಎದ್ದು ಕಾಣುವ ಎಚ್ಚರಿಕೆ ಫಲಕ ಹಾಕಬೇಕು, ಯಂತ್ರಕ್ಕೆ ಪ್ರತಿ ವರ್ಷ ನವೀಕರಿಸಿದ ಪ್ರಮಾಣಪತ್ರ ಇರಬೇಕು, ತಪ್ಪನ್ನೂ ನಂಬರ್ ಪ್ಲೇಟನ್ನೂ ಸ್ಪಷ್ಟವಾಗಿ ತೋರಿಸುವ ಫೋಟೊ ಇರಬೇಕು, 15 ದಿನಗಳೊಳಗೆ ನೋಟಿಸ್ ಕಳಿಸಬೇಕು ಎಂದು ಆ ನಿಯಮವೇ ಹೇಳುತ್ತದೆ. ಸ್ಪಷ್ಟವಾದ ಫೋಟೊ ಎಂದು ಬರೆದಿರುವಾಗ, ಮೂರೋ ಎಂಟೋ ತಿಳಿಯದ ಫೋಟೊದ ಮೇಲೆ ಒಬ್ಬ ರೈತನಿಂದ ಹಣ ಪಡೆದದ್ದು ಹೇಗೆ? ನಿಯಮವನ್ನು ಮುರಿದದ್ದು ಇಲ್ಲಿ ಯಾರು?

ನನ್ನದೇ ಅನುಭವವನ್ನೂ ಹೇಳಬೇಕು. ಅಕ್ಕನ ಚಿಕಿತ್ಸೆಗಾಗಿ ನಾನು ಹೈದರಾಬಾದಿನ ದಾರಿಯಲ್ಲಿ ಓಡಾಡಿದ್ದು ಬಹಳ ಜನ ಸ್ನೇಹಿತರಿಗೆ ಗೊತ್ತಿದೆ. ಜಡ್ಚರ್ಲ ದಾಟಿದ ಮೇಲೆ ನನ್ನ ಕಾರಿನ ವೇಗ 92 ಇತ್ತು, ಮಿತಿ 80 ಎಂದು ಚಲನ್ ಬಂತು. ನಡುವೆ ವಿಭಜಕವಿರುವ ನಾಲ್ಕು ಪಥದ ರಸ್ತೆಯಲ್ಲಿ ಕಾರಿಗೆ ಗಂಟೆಗೆ 100 ಕಿಲೋಮೀಟರ್ ಗರಿಷ್ಠ ಮಿತಿ ಎಂದು ಕೇಂದ್ರ 2018ರಲ್ಲೇ ಅಧಿಸೂಚನೆ ಹೊರಡಿಸಿತ್ತು. ರಾಜ್ಯಗಳು ಅದನ್ನು ಇಳಿಸಬಹುದು, ಆದರೆ ಇಳಿಸಿದ ಕಡೆ ಫಲಕ ಹಾಕಬೇಕೆಂದು ಕಾಯ್ದೆಯ 112ನೇ ಕಲಂ ಹೇಳುತ್ತದೆ. ಮುಂದಿನ ಸಲ ಹೋದಾಗ ಆ ಫಲಕಕ್ಕಾಗಿಯೇ ಕಣ್ಣಿಟ್ಟು ನೋಡಿದೆ. ಎದುರಿನಿಂದ ಬರುವವರಿಗೆ ಒಂದಿತ್ತು, ನಮ್ಮ ಬದಿಯಲ್ಲಿ ಇರಲಿಲ್ಲ. ಫೋಟೊ ತೆಗೆದುಕೊಂಡು ನಮ್ಮ ಊರಿನ ಠಾಣೆಗೆ ಹೋದರೆ ಅಲ್ಲಿದ್ದವರು ಕುರ್ಚಿ ಕೊಟ್ಟು ಕೂರಿಸಿ, ಸಮಾಧಾನದಿಂದ ಕೇಳಿ, "ಇದು ಅವರ ಕೇಸು ಸರ್, ನಮ್ಮ ಕೈಯಾಗ ಏನೂ ಇಲ್ಲ" ಎಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಹಣ ಕಟ್ಟಲು ಮೊಬೈಲ್ ಸಾಕು, ತಕರಾರನ್ನು ಮಾತ್ರ ನಮ್ಮ ಊರಿನಲ್ಲಿ ಸ್ವೀಕರಿಸುವವರಿಲ್ಲ ಎಂಬ ವ್ಯವಸ್ಥೆಯ ಮೇಲೆ ಸಿಟ್ಟಿದೆ. ಸಂಚಾರ ಪ್ರಕರಣಗಳಿಗೆ ಹಲವು ರಾಜ್ಯಗಳಲ್ಲಿ ಆನ್‌ಲೈನಿನಲ್ಲೇ ನಡೆಯುವ ವರ್ಚುವಲ್ ಕೋರ್ಟುಗಳಿವೆ, ನಿಜ. ಅಲ್ಲಿಯೂ ತಪ್ಪೊಪ್ಪಿಕೊಂಡು ಹಣ ಕಟ್ಟುವವನ ಕೆಲಸ ಮನೆಯಲ್ಲೇ ಮುಗಿಯುತ್ತದೆ. ಒಪ್ಪದವನ ಪ್ರಕರಣ ಆ ಊರಿನ ಮಾಮೂಲಿ ನ್ಯಾಯಾಲಯಕ್ಕೆ ಹೋಗುತ್ತದೆ. ಸಾವಿರ ರೂಪಾಯಿಗಾಗಿ ವಕೀಲರನ್ನು ಹಿಡಿದು, ಕೂಲಿ ಕಳೆದುಕೊಂಡು, ವಾಯಿದೆಯಿಂದ ವಾಯಿದೆಗೆ ಯಾರು ಅಲೆಯುತ್ತಾರೆ?

"ನಿಧಾನವಾಗಿ ಓಡಿಸಿದರೆ ಈ ತಾಪತ್ರಯವೇ ಇರುವುದಿಲ್ಲವಲ್ಲ" ಎಂದು ಕೆಲವರು ಹೇಳುವುದನ್ನು ಕೇಳಿದ್ದೇನೆ. ನನ್ನ ತಂಗಿಯ ಗಂಡ ಲಿಂಗಸುಗೂರು ರಸ್ತೆಯಲ್ಲಿ ಮತ್ತೊಬ್ಬರ ವೇಗಕ್ಕೆ ಬಲಿಯಾದರು. ಆ ಮನೆಯ ಮಕ್ಕಳನ್ನು ನೋಡುತ್ತ ಬದುಕುತ್ತಿರುವ ನನಗೆ ವೇಗದ ಪರ ವಾದಿಸುವ ಮನಸ್ಸು ಎಂದೂ ಬರುವುದಿಲ್ಲ. ಆದರೆ ಗಾಡಿಯನ್ನು ಆ ಊರಿಗೇ ಒಯ್ಯದ ರೈತ ಇನ್ನೆಷ್ಟು ನಿಧಾನವಾಗಿ ಓಡಿಸಬೇಕಿತ್ತು? ಈ ಮಾತಿಗೆ ಅವರಲ್ಲಿ ಉತ್ತರವಿಲ್ಲ.

ರಿಯಾಯಿತಿ ಕೊಟ್ಟಾಗ ಕಟ್ಟಿದರಾಯಿತು ಎನ್ನುವವರೂ ಇದ್ದಾರೆ. 2023ರಲ್ಲಿ ನಮ್ಮ ರಾಜ್ಯ ಬಾಕಿ ದಂಡಕ್ಕೆ ಅರ್ಧ ರಿಯಾಯಿತಿ ಕೊಟ್ಟಿತು, ಅದೇ ವರ್ಷದ ಕೊನೆಯಲ್ಲಿ ತೆಲಂಗಾಣ ಇನ್ನೂ ಹೆಚ್ಚು ಕೊಟ್ಟಿತು. ತಪ್ಪು ಮಾಡಿದವರಿಗೆ ಅದು ಅನುಕೂಲ. ತಪ್ಪು ಮಾಡದವನು ಅರ್ಧವನ್ನಾದರೂ ಏಕೆ ಕಟ್ಟಬೇಕು?

ಚಲನ್ ಹೆಸರಿನಲ್ಲಿ ವಾಟ್ಸಾಪಿಗೆ ಎಪಿಕೆ (ಮೊಬೈಲಿನಲ್ಲಿ ಆ್ಯಪ್ ಕೂರಿಸುವ ಕಡತ) ಕಳಿಸಿ ಬ್ಯಾಂಕ್ ಖಾತೆ ಬರಿದು ಮಾಡುವ ಕಳ್ಳರ ಕಾಟವೂ ಇದೆ. ಬಂದ ಸಂದೇಶ ಅಸಲಿಯೋ ನಕಲಿಯೋ ಎಂದು ಖಚಿತಪಡಿಸಿಕೊಳ್ಳಲು ಸಹ ನಮ್ಮ ಜನ ಆನ್‌ಲೈನ್ ಸೆಂಟರಿನ ಹುಡುಗನನ್ನೇ ನಂಬಬೇಕಾಗಿದೆ.

ಹೊರ ರಾಜ್ಯದ ಚಲನ್‌ಗೆ ತಕರಾರು ಇರುವವರ ಅರ್ಜಿಯನ್ನು ನಮ್ಮ ಜಿಲ್ಲೆಯ ಸಂಚಾರ ಠಾಣೆಯಲ್ಲೇ ಪಡೆದು, ಸ್ವೀಕೃತಿ ಕೊಟ್ಟು, ಆ ರಾಜ್ಯಕ್ಕೆ ಕಳಿಸುವ ವ್ಯವಸ್ಥೆ ಆಗಬೇಕು. ಉತ್ತರ ಬರುವವರೆಗೆ ವಸೂಲಿ ನಿಲ್ಲಬೇಕು, ನೋಟಿಸು ಕನ್ನಡದಲ್ಲೂ ಇರಬೇಕು. ಇಷ್ಟನ್ನು ಬರೆದು ಈ ವಾರ ಜಿಲ್ಲಾಧಿಕಾರಿಗಳಿಗೆ ಮನವಿ ಸಲ್ಲಿಸುತ್ತಿದ್ದೇನೆ. ಮಾನ್ವಿ, ಸಿಂಧನೂರು, ದೇವದುರ್ಗದ ಕಡೆ ಇಂಥ ಚಲನ್ ಬಂದವರು ದಯವಿಟ್ಟು ಮೊದಲು ಫೋಟೊ, ಸ್ಥಳ, ಸಮಯ ಮೂರನ್ನೂ ನೋಡಿ, ಪ್ರತಿ ತೆಗೆದಿಟ್ಟುಕೊಂಡು ನನಗೆ ಕಳಿಸಿರಿ. ಎಲ್ಲವನ್ನೂ ಮನವಿಗೆ ಲಗತ್ತಿಸುತ್ತೇನೆ.