600 ಮೀಟರ್ ಎಲ್ಲಿ ಓಡಿಸೋದ್ರೀ?

ಶಾಲಾ ಮಕ್ಕಳ ಫಿಟ್‌ನೆಸ್ ಲೆಕ್ಕ ಇನ್ನು ಮೊಬೈಲ್‌ನಲ್ಲೇ ಅಂತ ನಿಮ್ಮ ಪತ್ರಿಕೆಯಾಗ ಬರೆದೀರಿ. ಹೊಸದೇನಲ್ಲ ಸರ್, ಕೇಂದ್ರ ಸರ್ಕಾರದ ಖೇಲೋ ಇಂಡಿಯಾ ಆ್ಯಪ್ 2019ರಲ್ಲೇ ಬಂದದ. ನಾನು ಮಾನ್ವಿ ಕಡೆ ಪಿಇ (ದೈಹಿಕ ಶಿಕ್ಷಣ) ಮಾಸ್ತರ. ಎತ್ತರ, ತೂಕ ಹಾಕಿದರೆ ಬಿಎಂಐ (ಎತ್ತರಕ್ಕ ತಕ್ಕ ತೂಕ ಅದನೋ ಇಲ್ಲೋ ಅನ್ನೋ ಲೆಕ್ಕ) ಆ್ಯಪ್ ತಾನೇ ತೆಗೀತದ, ಅಷ್ಟು ಆರಾಮ. ಆದರೆ ಅದೇ ಪರೀಕ್ಷೆಯಾಗಿನ 600 ಮೀಟರ್ ಓಟಕ್ಕ ಜಾಗ? ನಮ್ಮಲ್ಲಿ ಬೇವಿನ ಗಿಡದಿಂದ ಬಿಸಿಯೂಟದ ಕೋಣೆ ತನಕ ಹಗ್ಗ ಹಿಡಿದು ಅಳೆದರ ಬರೇ 40 ಮೀಟರ್. ಹದಿನೈದು ಸಲ ಓಡಬೇಕು, ತಿರುಗೋದ್ರಾಗೇ ಟೈಮ್ ಹೋಗ್ತದ. (ಬಿಸಿಲಿನ ಮಾತು ಬ್ಯಾಡ, ರಾಯಚೂರು ಅಂದ್ರ ಗೊತ್ತಲ್ಲ.) ಮೈದಾನ ಇರೋ ಶಾಲಿ ಜೋಡಿ ಹೋಲಿಸಿ ನಮ್ಮ ಹುಡುಗರು ವೀಕ್ ಅಂದ್ರ ಹೆಂಗ? ಹೋದ ಸಲ ಏಳನೇತ್ತಿ ಹುಡುಗಿ ಒಬ್ಬಳು ಉಂಗುಷ್ಟ ಕಿತ್ತ ಚಪ್ಪಲಿ ಕೈಯಾಗ ಹಿಡಿದು ಎಲ್ಲರಿಗಿಂತ ಮುಂದ ಬಂದಳು. ತೂಕ 24 ಕೆಜಿ! ಎಲ್ಲಾ ಆ್ಯಪ್‌ನಾಗ ತುಂಬಿ ಕಳಿಸಿದೆ. ಆಮೇಲೆ ಆ ಹುಡುಗಿ ಬಗ್ಗೆ ಯಾರೂ ಒಂದು ಫೋನ್ ಮಾಡಲಿಲ್ಲ.