ಕೊನೆಯ ತಿಂಗಳ ಬಾಡಿಗೆ ಅಡ್ವಾನ್ಸ್‌ನಲ್ಲಿ ಮುರಿದುಕೊಳ್ಳಬಹುದಾ?

ಪರ: ನೋಟಿಸ್ ಕೊಟ್ಟ ದಿನವೇ ಹೇಳಿಬಿಡಿ

ಬೆಂಗಳೂರಿನಲ್ಲಿ ಅಡ್ವಾನ್ಸ್ ಅಂದರೆ ಹತ್ತು ತಿಂಗಳ ಬಾಡಿಗೆ ಎನ್ನುವ ರೂಢಿ ಇನ್ನೂ ಪೂರ್ತಿ ಹೋಗಿಲ್ಲ. ಐದಾರು ತಿಂಗಳಿಗೆ ಒಪ್ಪುವವರು ಈಗ ಸಿಗುತ್ತಾರೆ. ಹಾಗಿದ್ದರೂ 20,000 ರೂಪಾಯಿ ಬಾಡಿಗೆಯ ಮನೆಗೆ ಲಕ್ಷದ ಮೇಲೆ ದುಡ್ಡು ಬಡ್ಡಿಯಿಲ್ಲದೆ ಸುಮ್ನೆ ಕೂತಿರುತ್ತದೆ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳಿಗಿಂತ ಜಾಸ್ತಿ ಬೇಡ ಎಂದಿದೆ. ಆದರೆ ಅದು ಮಾದರಿ ಅಷ್ಟೇ, ರಾಜ್ಯ ತಾನೇ ಕಾನೂನು ಮಾಡಿಕೊಳ್ಳಬೇಕು. 'ಟು ಲೆಟ್' ಬೋರ್ಡಿನ ನಂಬರಿಗೆ ಫೋನ್ ಮಾಡಿ ಆ ಕಾಯ್ದೆಯ ಹೆಸರು ಹೇಳಿ ನೋಡಿ, ಮನೆ ಆಗಲೇ ಹೋಯ್ತು ಅನ್ನುತ್ತಾರೆ.

ಮನೆ ಬಿಡುವವರ ಪಾಡು ಹೀಗೆ: ಹೊಸ ಮನೆಗೆ ಅಡ್ವಾನ್ಸ್ ಮೊದಲೇ ಕೊಡಬೇಕು, ಹಳೆಯದು ವಾಪಸ್ ಬರುವುದು ಕೀ ಕೊಟ್ಟ ಮೇಲೆ. ಎಷ್ಟೋ ಓನರ್‌ಗಳು ಆ ದುಡ್ಡನ್ನು ಮೇಲಿನ ಮಹಡಿ ಕಟ್ಟಲು ಹಾಕಿರುತ್ತಾರೆ. "ಮುಂದಿನವರು ಬರಲಿ, ಅವರ ಅಡ್ವಾನ್ಸ್ ಬಂದ ಕೂಡಲೇ ಹಾಕ್ತೀನಿ" ಎನ್ನುತ್ತಾರೆ. ನಮ್ಮ ದುಡ್ಡು ಬರಬೇಕಾದರೆ ಅವರಿಗೆ ಬಾಡಿಗೆದಾರರನ್ನೂ ನಾವೇ ಹುಡುಕಿಕೊಡಬೇಕು!

ಆಮೇಲೆ ಪೇಂಟಿಂಗ್ ಲೆಕ್ಕ. ಒಂದು ತಿಂಗಳ ಬಾಡಿಗೆ ಹಿಡಿಯುವುದು ವಾಡಿಕೆ, ಕರಾರಿನಲ್ಲೂ ಬರೆದಿರುತ್ತದೆ. ಆಯ್ತು. ಅದರ ಮೇಲೆ ಮೊಳೆ ತೂತಿಗೆ ಇಷ್ಟು, ಸಿಂಕ್ ಕೆಳಗಿನ ಕರೆಗೆ ಇಷ್ಟು, ನಾವು ಬರುವ ಮೊದಲೇ ನೀರು ಕುಡಿದು ಉಬ್ಬಿದ್ದ ಬಚ್ಚಲುಮನೆ ಬಾಗಿಲಿಗೆ ಇಷ್ಟು. ಕರಾರಿನಲ್ಲಿ ಬೇರೆ ಥರ ಬರೆದಿಲ್ಲದಿದ್ದರೆ, ಬಳಸಿ ಸವೆದದ್ದಕ್ಕೆ ಬಾಡಿಗೆದಾರ ಹೊಣೆಯಲ್ಲ ಎಂದು 1882ರ ಆಸ್ತಿ ವರ್ಗಾವಣೆ ಕಾಯ್ದೆಯೇ ಹೇಳುತ್ತದೆ. ದುಡ್ಡು ಅವರ ಕೈಯಲ್ಲಿರುವಾಗ ಕಾಯ್ದೆ ಯಾರು ಓದುತ್ತಾರೆ? ಇಪ್ಪತ್ತು ಸಾವಿರಕ್ಕೆ ಕೋರ್ಟು ಅಲೆಯಲು ಯಾರಿಗೂ ಪುರಸೊತ್ತಿಲ್ಲ. "ನೋಟಿಸ್‌ನ ಈ ಎರಡು ತಿಂಗಳ ಬಾಡಿಗೆ ಅಡ್ವಾನ್ಸ್‌ನಲ್ಲಿ ಮುರ್ಕೊಳ್ಳಿ ಸಾರ್" ಎಂದು ನೋಟಿಸ್‌ನಲ್ಲೇ ಬರೆದರೆ ಮೋಸವೇನೂ ಆಗಲಿಲ್ಲ. ಐದರಲ್ಲಿ ಎರಡು ಹೋದರೂ ಪೇಂಟಿಂಗಿಗೆ, ಕರೆಂಟ್ ಬಿಲ್ಲಿಗೆ ಮೂರು ತಿಂಗಳದ್ದು ಉಳಿಯುತ್ತದೆ.

ವಿರೋಧ: ಬಾಡಿಗೆ ನಿಲ್ಲಿಸಿದರೆ ತಪ್ಪು ನಿಮ್ಮದಾಗುತ್ತದೆ

ಐದು ತಿಂಗಳ ಅಡ್ವಾನ್ಸ್‌ಗೆ ಆ ಲೆಕ್ಕ ಕೂತೀತು. ಎರಡೇ ತಿಂಗಳದ್ದು ಕೊಟ್ಟವರೂ ಹಾಗೇ ಮಾಡಿದರೆ ಓನರ್ ಕೈಯಲ್ಲಿ ಉಳಿಯುವುದು ಸೊನ್ನೆ. ಅಡ್ವಾನ್ಸ್ ಇಳಿಸಿ ಅಂತ ಆಮೇಲೆ ಯಾವ ಮುಖ ಇಟ್ಟುಕೊಂಡು ಕೇಳುವುದು?

ಎಲ್ಲ ಓನರ್‌ಗಳೂ ಸಾಲು ಮನೆ ಕಟ್ಟಿಸಿ ಕೂತವರಲ್ಲ. ಕೆಳಗೆ ತಾವಿದ್ದು, ಮೇಲಿನ ಮನೆ ಕೊಟ್ಟ ರಿಟೈರ್ಡ್ ದಂಪತಿಗೆ ತಿಂಗಳ ಔಷಧಿ, ದಿನಸಿ ಆ ಬಾಡಿಗೆಯಲ್ಲೇ ನಡೆಯಬೇಕು. ಮನೆ ಏನಾಗಿದೆ ಅನ್ನುವುದೂ ಬೀರು, ಮಂಚ ಸರಿಸಿದ ಮೇಲೇ ಗೊತ್ತಾಗುವುದು. ಬೆಸ್ಕಾಂ ಬಿಲ್ಲು ಬರುವುದು ನೀವು ಹೋದ ಮೇಲೆ.

ಇದಕ್ಕಿಂತ ದೊಡ್ಡದು ಕರಾರಿನ ಮಾತು. ಹನ್ನೊಂದು ತಿಂಗಳ ಆ ಪತ್ರವನ್ನು ಸಹಿ ಹಾಕುವಾಗ ಯಾರೂ ಸರಿಯಾಗಿ ಓದುವುದಿಲ್ಲ, ಬಿಡಿ. ಸಾಮಾನ್ಯವಾಗಿ ಅದರಲ್ಲಿ ಒಂದೋ ಎರಡೋ ತಿಂಗಳ ನೋಟಿಸ್, ಖಾಲಿ ಮಾಡುವವರೆಗೆ ಬಾಡಿಗೆ, ಆಮೇಲೆ ಅಡ್ವಾನ್ಸ್ ಎಂದಿರುತ್ತದೆ. ಬಾಡಿಗೆ ನಿಲ್ಲಿಸಿದಿರೋ, ಕರಾರು ಮುರಿದವರು ನೀವು. ಅಲ್ಲಿಯವರೆಗೆ ಮೊಳೆ ತೂತಿನ ಬಗ್ಗೆ ತಕರಾರು ಎತ್ತದ ಓನರ್ ಕೂಡ ಆಗ ಟಾರ್ಚ್ ಹಿಡಿದು ಬರುತ್ತಾರೆ.

ನನ್ನ ಕೇಳಿದರೆ ಜಗಳ ತಪ್ಪಿಸುವ ಕೆಲಸ ಮನೆಗೆ ಬರುವ ದಿನವೇ ಶುರುವಾಗಬೇಕು. ಸಾಮಾನು ಇಳಿಸುವ ಮೊದಲೇ ಆ ಉಬ್ಬಿದ ಬಾಗಿಲಿನ ವಿಡಿಯೋ ತೆಗೆದು ಓನರ್‌ಗೇ ಕಳಿಸಿ. ಅಡ್ವಾನ್ಸ್ ಯಾವತ್ತು ವಾಪಸ್ ಅನ್ನುವುದನ್ನು ಕರಾರಿನಲ್ಲಿ ಬರೆಸಿ. ಬಿಡುವ ವಾರದ ಮೊದಲು ಅವರನ್ನು ಕರೆದು ಮನೆ ತೋರಿಸಿ, ಹಿಡಿಯುವ ದುಡ್ಡನ್ನು ಅಲ್ಲೇ ಮಾತಾಡಿ. ಉಳಿದದ್ದು ಅಕೌಂಟಿಗೆ ಬಂದ ಮೇಲೆ ಕೀ.

ಓನರ್ ತಾವಾಗಿ "ಮುರ್ಕೊಳ್ಳಿ" ಅಂದರೆ ಬೇರೆ ಮಾತು. ಅದನ್ನೂ ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ.