ಪುಟ್ಟ ಎರಡರ ದೊಡ್ಡ ಕಾಟ

ಉತ್ತರ ಪತ್ರಿಕೆ ತಿದ್ದುವವರಿಗೆ ಅವರವರದೇ ಕಷ್ಟಗಳಿರುತ್ತವೆ. ಭಾಷೆ ಕಲಿಸುವವರಿಗೆ ಅಲ್ಪಪ್ರಾಣ, ಮಹಾಪ್ರಾಣ. ಗಣಿತದವರಿಗೆ ಮೈನಸ್ ಚಿಹ್ನೆ. ರಸಾಯನಶಾಸ್ತ್ರ ಹೇಳಿಕೊಡುವ ನನ್ನಂಥವರಿಗೆ, O₂ ಎಂದು ಬರೆಯುವಾಗ ಆಕ್ಸಿಜನ್‌ನ ಕಾಲಡಿ ಕೂರಬೇಕಾದ ಒಂದು ಪುಟ್ಟ 2. ಅದು ಎಂದೂ ತನ್ನ ಜಾಗದಲ್ಲಿ ಇರುವುದಿಲ್ಲ.

"ಆಕ್ಸಿಜನ್ ಅನಿಲದ ಅಣುರಾಶಿ ಎಷ್ಟು?" ಎಂದು ಕೇಳಿದರೆ ಅರ್ಧ ತರಗತಿ 16 ಎಂದು ಬರೆಯುತ್ತದೆ. ಅಣುರಾಶಿ ಎಂದರೆ ಪರಮಾಣುಗಳು ಸೇರಿ ಆದ ಇಡೀ ಅಣುವಿನ ತೂಕ; 16 ಒಂದು ಪರಮಾಣುವಿನ ಲೆಕ್ಕ. ನಾವು ಉಸಿರಾಡುವ ಆಕ್ಸಿಜನ್ ಓಡಾಡುವುದೇ ಜೋಡಿಯಾಗಿ. ಒಂಟಿಯಾಗಿ ಬಿಟ್ಟರೆ ಸುಮ್ನೆ ಇರುವ ಜಾಯಮಾನ ಅದರದಲ್ಲ, ಕೈಗೆ ಸಿಕ್ಕಿದ್ದನ್ನು ಹಿಡಿದುಕೊಳ್ಳುತ್ತದೆ. ಆದ್ದರಿಂದ ಉತ್ತರ 32.

ಹೀಗೆ ಎರಡೆರಡಾಗಿ ಇರುವ ಧಾತುಗಳು ಏಳೇ ಏಳು. ಹೈಡ್ರೋಜನ್ 2, ನೈಟ್ರೋಜನ್ 28, ಆಕ್ಸಿಜನ್ 32, ಫ್ಲೋರಿನ್ 38, ಕ್ಲೋರಿನ್ 71, ಬ್ರೋಮಿನ್ 160, ಅಯೋಡಿನ್ 254. ನೆನಪಿಡಲು ಒಂದು ಉಪಾಯವನ್ನೂ ಹೇಳಿಕೊಟ್ಟಿದ್ದೇನೆ. ಆವರ್ತಕ ಕೋಷ್ಟಕದಲ್ಲಿ 7ನೆಯದಾದ ನೈಟ್ರೋಜನ್‌ನಿಂದ ಹೊರಟು ಬಲಕ್ಕೆ ಫ್ಲೋರಿನ್ ತನಕ ಹೋಗಿ, ಅಲ್ಲಿಂದ ಅಯೋಡಿನ್ ತನಕ ಇಳಿದರೆ ಇಂಗ್ಲಿಷ್ ಅಂಕಿಯ 7ರ ಆಕಾರ ಬರುತ್ತದೆ. ಹೈಡ್ರೋಜನ್ ಒಂದೇ ಹೊರಗೆ, ಮೂಲೆಯಲ್ಲಿ. ಒಬ್ಬ ಹುಡುಗ ಉತ್ತರ ಪತ್ರಿಕೆಯಲ್ಲಿ ಸ್ಕೇಲ್ ಇಟ್ಟು ಆ 7 ಬರೆದು, ಬಣ್ಣ ತುಂಬಿ, ಹೆಸರುಗಳನ್ನೆಲ್ಲ ಸರಿಯಾಗಿ ಸೇರಿಸಿ, ಕೆಳಗೆ ನೀಟಾಗಿ ಬರೆದಿದ್ದ: ನೈಟ್ರೋಜನ್ ಅನಿಲ, 14.

ಸರಿ, ಒಂದಿಡೀ ಪೀರಿಯಡ್ ಬೈದೆ. ಮುಂದಿನ ಟೆಸ್ಟಿನಲ್ಲಿ ಕಂಡದ್ದನ್ನೆಲ್ಲ ಎರಡರಿಂದ ಗುಣಿಸಿಬಿಟ್ಟಿದ್ದರು. ಯಾರ ಸಹವಾಸವೂ ಬೇಡ ಎಂದು ಒಂಟಿಯಾಗಿರುವ ಹೀಲಿಯಂಗೆ ಜೋಡಿ ಕಟ್ಟಿ 8 ಮಾಡಿದ್ದರು. ನೀರು 36! ಇದರ ನಡುವೆ ಒಬ್ಬಳು ಎದ್ದು ನಿಂತು, "ಗಂಧಕ ಎಷ್ಟು ಜನ ಸಾರ್?" ಎಂದಳು. ಎಂಟು ಪರಮಾಣು ಉಂಗುರದ ಹಾಗೆ ಕೂರುತ್ತವೆ, ಅಣುರಾಶಿ 256, ಬಿಳಿ ರಂಜಕದಲ್ಲಿ ನಾಲ್ಕು, 124 ಎಂದೆ. ಹಿಂದಿನ ಬೆಂಚಿನಿಂದ ಬಂದ ನಿಟ್ಟುಸಿರು ಬೋರ್ಡಿನವರೆಗೂ ಕೇಳಿಸಿತು.

ಹುರುಪು ಬರಲಿ ಎಂದು ಇತಿಹಾಸಕ್ಕೆ ಹೋದೆ. ನೀರಿನಲ್ಲಿ ಒಂದು ಹೈಡ್ರೋಜನ್, ಒಂದು ಆಕ್ಸಿಜನ್ ಇದೆ ಎಂದೇ ಪರಮಾಣು ಸಿದ್ಧಾಂತ ಕೊಟ್ಟ ಡಾಲ್ಟನ್ ನಂಬಿದ್ದರು. ಗಾತ್ರದ ಲೆಕ್ಕದಲ್ಲಿ ಎರಡು ಪಾಲು ಹೈಡ್ರೋಜನ್, ಒಂದು ಪಾಲು ಆಕ್ಸಿಜನ್ ಸೇರಿದರೆ ಎರಡು ಪಾಲು ಹಬೆ ಬರುತ್ತದೆ ಎಂದು 1808ರಲ್ಲಿ ಗೇ-ಲುಸಾಕ್ ತೋರಿಸಿದರು. ಒಂದು ಪಾಲು ಆಕ್ಸಿಜನ್ ಎರಡು ಪಾಲು ಹಬೆಗೆ ಹಂಚಿಹೋಗಬೇಕಾದರೆ ಅದರ ಕಣ ಎರಡಾಗಿ ಒಡೆಯಲೇಬೇಕು ಅಲ್ವಾ? 1811ರಲ್ಲಿ ಅವೊಗಾಡ್ರೊ ಹೇಳಿದ್ದು ಇದನ್ನೇ. ಆದರೆ ಒಂದೇ ಬಗೆಯ ಪರಮಾಣುಗಳು ಒಂದನ್ನೊಂದು ದೂರ ತಳ್ಳುತ್ತವೆ, ಜೋಡಿಯಾಗುವುದು ಹೇಗೆ ಎನ್ನುವುದು ಸ್ವೀಡನ್ನಿನ ರಸಾಯನಶಾಸ್ತ್ರಜ್ಞ ಬರ್ಜೀಲಿಯಸ್ ಅವರ ವಾದ. ಅವರ ಮಾತಿಗೆ ಆಗ ತೂಕ ಜಾಸ್ತಿ. ಕೊನೆಗೆ 1860ರಲ್ಲಿ ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ರಸಾಯನಶಾಸ್ತ್ರಜ್ಞರ ಸಮ್ಮೇಳನ ನಡೆದಾಗ, ಅವೊಗಾಡ್ರೊ ಮಾತನ್ನೇ ಎತ್ತಿಹಿಡಿದ ಇಟಲಿಯ ಕ್ಯಾನಿಝಾರೊ ಅವರ ಕಿರುಹೊತ್ತಿಗೆ ಎಲ್ಲರ ಕೈಗೆ ಬಂತು. ನಿಧಾನಕ್ಕೆ ಆ ಪುಟ್ಟ 2ಕ್ಕೆ ಜಾಗ ಸಿಕ್ಕಿತು.

ಇಷ್ಟು ಹೇಳಿ ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಬಣ್ಣದ 7ರ ಹುಡುಗ ಲೆಕ್ಕ ಹಾಕಿ ಮುಗಿಸಿದ್ದ. "ಸಾರ್, ಅವರಿಗೆಲ್ಲ ಹತ್ತಿರ ಹತ್ತಿರ ಐವತ್ತು ವರ್ಷ ಟೈಮ್ ಕೊಟ್ಟಿದ್ದಾರೆ. ನಮಗೆ ಮೂರೇ ಗಂಟೆ?"

ಮಾತು ತಿರುಗಿಸಲು ಕ್ಲೋರಿನ್ ಹಿಡಿದೆ. ಪ್ರಕೃತಿಯಲ್ಲಿ ಅದರ ಪರಮಾಣು ಎರಡು ತೂಕದಲ್ಲಿ ಸಿಗುತ್ತದೆ. ನಾಲ್ಕರಲ್ಲಿ ಸುಮಾರು ಮೂರು 35ರದು, ಉಳಿದದ್ದು 37ರದು. ಸರಾಸರಿ 35.5, ಜೋಡಿಗೆ 71. ಆದರೆ ನಿಜವಾದ ಅಣುವನ್ನು ಒಂದೊಂದಾಗಿ ತೂಗಿದರೆ 70, 72 ಅಥವಾ 74 ಬರುತ್ತದೆ. 71 ತೂಗುವ ಅಣು ಒಂದೂ ಇಲ್ಲ. ಮೂರರಲ್ಲಿ 70ರದೇ ಸಂಖ್ಯೆ ಜಾಸ್ತಿ.

ತರಗತಿ ಮುಗಿದ ಮೇಲೆ ಒಬ್ಬ ಹಳೆಯ ಟೆಸ್ಟ್ ಪೇಪರ್ ಹಿಡಿದು ಸ್ಟಾಫ್ ರೂಮಿಗೆ ಬಂದ. ದಶಾಂಶ ಬಿಟ್ಟು 35ನ್ನೇ ಎರಡರಿಂದ ಗುಣಿಸಿ ಕ್ಲೋರಿನ್ 70 ಎಂದು ಬರೆದಿದ್ದ. ನಾನು ಕೆಂಪು ಪೆನ್ನಿನಲ್ಲಿ ಹೊಡೆದುಹಾಕಿದ್ದೆ.

"ಜಾಸ್ತಿ ಇರೋ ಅಣುವನ್ನೇ ಬರೆದಿದ್ದೆ ಸಾರ್" ಎಂದ, ಮುಖದಲ್ಲಿ ಒಂದಿಷ್ಟೂ ನಗುವಿಲ್ಲದೆ.

ಅವನು ಬಿಟ್ಟಿದ್ದ ಆ .5 ಅನ್ನೇ ಅಂಕವಾಗಿ ಕೊಟ್ಟು ಕಳಿಸಿದೆ.